ಕ್ಲಿಪ್ ಮತ್ತು ಕಾಯಿಲ್ ನಡುವೆ: ಒಬ್ಬ ನರಶಸ್ತ್ರಚಿಕಿತ್ಸಕನ ಅನುಭವ

ನಾನು ನರಶಸ್ತ್ರಚಿಕಿತ್ಸೆಯ ತರಬೇತಿ ಪಡೆಯುತ್ತಿದ್ದ ತೊಂಬತ್ತರ ದಶಕದಲ್ಲಿ, ಮೆದುಳಿನ ಅನ್ಯೂರಿಸಮ್ (ರಕ್ತನಾಳದ ಉಬ್ಬು) ಒಡೆದು ರಕ್ತಸ್ರಾವವಾಗಿ ಬಂದ ರೋಗಿಗೆ ನಾವು ತೋರಿಸಬಹುದಾಗಿದ್ದ ದಾರಿ ಹೆಚ್ಚುಕಡಿಮೆ ಒಂದೇ ಆಗಿತ್ತು. ತಲೆಬುರುಡೆಯನ್ನು ತೆರೆದು, ಸೂಕ್ಷ್ಮದರ್ಶಕದ ಅಡಿಯಲ್ಲಿ ಮೆದುಳಿನ ಮಡಿಕೆಗಳನ್ನು ಬಿಡಿಸುತ್ತಾ ಹೋಗಿ, ಅಪಧಮನಿಯ ಗೋಡೆಯಲ್ಲಿ ಉಬ್ಬಿದ ಚೀಲದ ಕುತ್ತಿಗೆಗೆ ಲೋಹದ ಪುಟ್ಟ ಕ್ಲಿಪ್ ಹಾಕಬೇಕಿತ್ತು. 1937ರಲ್ಲಿ ವಾಲ್ಟರ್ ಡ್ಯಾಂಡಿ ಬಾಲ್ಟಿಮೋರ್‌ನಲ್ಲಿ ಮಾಡಿ ತೋರಿಸಿದ್ದನ್ನು ಜ್ಯೂರಿಕ್‌ನ ಗಾಜಿ ಯಾಸರ್‌ಗಿಲ್ ಅರವತ್ತರ ದಶಕದ ಕೊನೆಯಿಂದ ಸೂಕ್ಷ್ಮದರ್ಶಕದ ನೆರವಿನಿಂದ ಪಳಗಿಸಿ, ಬೇರೆಯವರಿಗೂ ಕಲಿಸಬಹುದಾದ ವಿದ್ಯೆಯನ್ನಾಗಿ ಮಾಡಿದ್ದರು. ನನ್ನ ಪೀಳಿಗೆಯ ನ್ಯೂರೋಸರ್ಜನ್‌ಗಳು ತಮ್ಮ ಕೈಚಳಕವನ್ನು ಅಳೆದುಕೊಳ್ಳುತ್ತಿದ್ದುದು ಈ ಶಸ್ತ್ರಚಿಕಿತ್ಸೆಯಿಂದಲೇ.

ಅಷ್ಟರಲ್ಲಾಗಲೇ ವೈದ್ಯ ಗ್ವಿಡೊ ಗುಲಿಯೆಲ್ಮಿ ಲಾಸ್ ಏಂಜಲೀಸ್‌ನಲ್ಲಿ ಇನ್ನೊಂದು ವಿಧಾನವನ್ನು ರೂಪಿಸಿದ್ದರು. ತೊಡೆಸಂದಿಯ ರಕ್ತನಾಳದಿಂದ ತೆಳುವಾದ ಕೊಳವೆ (ಕ್ಯಾತಿಟರ್) ತೂರಿಸಿ, ಅದರ ಮೂಲಕ ಅನ್ಯೂರಿಸಮ್‌ನೊಳಗೆ ಪ್ಲಾಟಿನಮ್ ಸುರುಳಿಗಳನ್ನು, ಅಂದರೆ ಕಾಯಿಲ್‌ಗಳನ್ನು, ತುಂಬಿ, ಒಳಗೇ ರಕ್ತ ಹೆಪ್ಪುಗಟ್ಟುವಂತೆ ಮಾಡುವ ವಿಧಾನವದು. 2002ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ಎರಡು ವಿಧಾನಗಳನ್ನು ಹೋಲಿಸಿದ ಐಸ್ಯಾಟ್ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. 2,143 ರೋಗಿಗಳನ್ನು ಸೇರಿಸಿಕೊಂಡಿದ್ದ ಆ ಅಧ್ಯಯನದಲ್ಲಿ, ಒಂದು ವರ್ಷದ ಹೊತ್ತಿಗೆ ಮೃತಪಟ್ಟವರು ಅಥವಾ ಬೇರೆಯವರ ನೆರವನ್ನು ಅವಲಂಬಿಸಬೇಕಾದವರು ಕಾಯಿಲ್ ಗುಂಪಿನಲ್ಲಿ ಶೇ. 23.7 ಮತ್ತು ಕ್ಲಿಪ್ ಗುಂಪಿನಲ್ಲಿ ಶೇ. 30.6 ಇದ್ದರು. ಅಲ್ಲಿ ಸೇರಿದ್ದವರಲ್ಲಿ ಬಹುಪಾಲು ಜನ ಒಳ್ಳೆಯ ಪ್ರಜ್ಞಾಸ್ಥಿತಿಯಲ್ಲಿದ್ದವರು, ಅವರ ಅನ್ಯೂರಿಸಮ್‌ಗಳೂ ಚಿಕ್ಕವು ಎಂಬ ಆಕ್ಷೇಪ ನಮ್ಮ ವಲಯದಲ್ಲಿ ಕೂಡಲೇ ಎದ್ದಿತು. ಅದು ನ್ಯಾಯವಾದ ಆಕ್ಷೇಪವೇ. ಆದರೂ ಎರಡೂ ವಿಧಾನಗಳಿಗೆ ಸಮನಾಗಿ ಒಗ್ಗುವ ರೋಗಿಯ ವಿಷಯದಲ್ಲಿ, ನನಗೆ ಬರುವ ವಿದ್ಯೆ ಕ್ಲಿಪ್ ಎಂಬ ಕಾರಣಕ್ಕೆ ಅದನ್ನೇ ಸೂಚಿಸುವುದು ಸರಿಯಲ್ಲವೆಂದು ನಾನು ನಿರ್ಧರಿಸಿದೆ.

ನಿರ್ಧಾರ ಮಾಡಿದ ಮಾತ್ರಕ್ಕೆ ಕೆಲಸದ ರೀತಿ ಬದಲಾಗುವುದಿಲ್ಲ. ಸೀಸದ ಏಪ್ರನ್ ತೊಟ್ಟು ಕ್ಯಾತಿಟರ್ ಚಿಕಿತ್ಸೆ ನಡೆಯುವ ಕ್ಯಾತ್‌ಲ್ಯಾಬಿನಲ್ಲಿ ರೇಡಿಯಾಲಜಿಸ್ಟ್ ಸಹೋದ್ಯೋಗಿಯ ಪಕ್ಕದಲ್ಲಿ ನಿಂತು, ಮೊದಲು ಆಂಜಿಯೋಗ್ರಾಮ್ ಮಾಡುವುದನ್ನು ಕಲಿತೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳವನ್ನು ಹೊರಗಿನಿಂದ ನೋಡಿ ಅಭ್ಯಾಸವಾದ ಕಣ್ಣಿಗೆ, ಅದೇ ನಾಳವನ್ನು ರಕ್ತಪ್ರವಾಹದ ದಿಕ್ಕಿನಲ್ಲಿ, ಒಳಗಿನಿಂದ ಅರ್ಥಮಾಡಿಕೊಳ್ಳುವುದು ನಿಜಕ್ಕೂ ಹೊಸ ಅಂಗರಚನಾಶಾಸ್ತ್ರವಾಗಿತ್ತು. ಚೀಲದ ಕುತ್ತಿಗೆ ಎಷ್ಟು ಅಗಲ, ಅದರ ಬುಡದಿಂದ ಯಾವ ಕವಲು ಹೊರಡುತ್ತದೆ, ಸುರುಳಿ ಒಳಗೆ ನಿಲ್ಲುತ್ತದೆಯೋ ಹೊರಜಾರುತ್ತದೆಯೋ ಎಂಬ ಪ್ರಶ್ನೆಗಳನ್ನು ಇಬ್ಬರೂ ಒಂದೇ ಪರದೆಯ ಮುಂದೆ ಕುಳಿತು ಚರ್ಚಿಸುವ ಪದ್ಧತಿ ಹೀಗೆ ಬೆಳೆಯಿತು. ಇಂದು ನಮ್ಮಲ್ಲಿ ಇಬ್ಬರ ಒಪ್ಪಿಗೆಯಿಲ್ಲದೆ ಯಾವ ಅನ್ಯೂರಿಸಮ್‌ಗೂ ಚಿಕಿತ್ಸೆ ಆರಂಭವಾಗುವುದಿಲ್ಲ. ಮೆದುಳಿನ ಬುಡದಲ್ಲಿ ಆಳದಲ್ಲಿರುವ ಬೇಸಿಲರ್ ಅಪಧಮನಿಯ ತುದಿಯಲ್ಲಿರುವುದಕ್ಕೆ ಸಾಮಾನ್ಯವಾಗಿ ಕಾಯಿಲ್. ಮೆದುಳಿನ ಪಕ್ಕದ ಭಾಗಕ್ಕೆ ರಕ್ತ ಒಯ್ಯುವ ಮಿಡ್ಲ್ ಸೆರೆಬ್ರಲ್ ಅಪಧಮನಿಯ ಕವಲಿನಲ್ಲಿ ಅಗಲ ಕುತ್ತಿಗೆಯಿರುವುದಕ್ಕೆ, ಅದರಲ್ಲೂ ದೊಡ್ಡ ರಕ್ತಗಡ್ಡೆ ಮೆದುಳನ್ನು ಒತ್ತುತ್ತಿದ್ದರೆ, ಕ್ಲಿಪ್.

ಈ ಬದಲಾವಣೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಕೈಯ ಅಭ್ಯಾಸದ್ದು. ಸುಲಭವಾದ ಅನ್ಯೂರಿಸಮ್‌ಗಳು ಕ್ಯಾತ್‌ಲ್ಯಾಬಿಗೆ ಹೋಗುವುದರಿಂದ ಶಸ್ತ್ರಚಿಕಿತ್ಸೆಗೆ ಉಳಿಯುವವು ಸಂಖ್ಯೆಯಲ್ಲಿ ಕಡಿಮೆ, ಆದರೆ ಅತ್ಯಂತ ಕಠಿಣ. ಸುಲಭವಾದುದರ ಮೇಲೆ ಕೈ ಪಳಗಿಸಿಕೊಳ್ಳುವ ಅವಕಾಶ ಇಲ್ಲದ ಕಿರಿಯ ವೈದ್ಯರು ನೇರವಾಗಿ ಕಠಿಣವಾದುದನ್ನೇ ಎದುರಿಸಬೇಕಾಗುತ್ತದೆ. ಅದಕ್ಕಾಗಿ ಹೆರಿಗೆ ವಿಭಾಗದಿಂದ, ತಾಯಂದಿರ ಒಪ್ಪಿಗೆ ಪಡೆದು, ಮಾಸು ತರಿಸಿ ಅದರ ರಕ್ತನಾಳಗಳ ಮೇಲೆ ಕ್ಲಿಪ್ ಹಾಕುವುದನ್ನು, ಕೋಳಿ ರೆಕ್ಕೆಯ ಅಪಧಮನಿಯ ಮೇಲೆ ಕೂದಲಿಗಿಂತ ಸಪೂರವಾದ ದಾರದಿಂದ ಹೊಲಿಗೆಯನ್ನು ಅಭ್ಯಾಸ ಮಾಡಿಸುತ್ತೇನೆ, ನಾನೂ ಮಾಡುತ್ತೇನೆ. ಕ್ಲಿಪ್ ಶಸ್ತ್ರಚಿಕಿತ್ಸೆ ಎಲ್ಲ ಆಸ್ಪತ್ರೆಗಳಲ್ಲೂ ನಡೆಯಬೇಕೆಂಬ ಹಟವನ್ನು ಬಿಟ್ಟು, ಸಾಕಷ್ಟು ರೋಗಿಗಳು ಬರುವ ಕೆಲವೇ ಕೇಂದ್ರಗಳಲ್ಲಿ ಅದನ್ನು ಗಟ್ಟಿಯಾಗಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅನ್ಯೂರಿಸಮ್ ಮುಚ್ಚಿದ ಮೇಲಿನ ದಿನಗಳಲ್ಲಿ ನಮ್ಮ ಜವಾಬ್ದಾರಿ ಮೊದಲಿಗಿಂತ ಹಿಗ್ಗಿದೆ. ರಕ್ತಸ್ರಾವವಾದ ನಾಲ್ಕನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಮೆದುಳಿನ ರಕ್ತನಾಳಗಳು ಸೆಟೆದು ಪಾರ್ಶ್ವವಾಯು ಉಂಟಾಗುವ ಭಯವಿರುತ್ತದೆ. ಅದನ್ನು ತಡೆಯಲು 21 ದಿನಗಳ ನಿಮೋಡಿಪಿನ್ ಔಷಧ, ರಕ್ತದೊತ್ತಡದ ಮೇಲಿನ ನಿಗಾ, ತಲೆಯೊಳಗೆ ನೀರು ತುಂಬಿದರೆ ಹೊರಹಾಕುವ ನಳಿಕೆ ಇವೆಲ್ಲವೂ ಕ್ಲಿಪ್ ಹಾಕಿದವರಿಗೂ ಕಾಯಿಲ್ ಹಾಕಿದವರಿಗೂ ಒಂದೇ. ಕ್ಯಾತಿಟರ್ ಹಿಡಿದವರು ಬೇರೆಯವರಾಗಿದ್ದರೂ ಐಸಿಯುವಿನಲ್ಲಿ ಆ ರೋಗಿ ನನ್ನ ರೋಗಿಯೇ, ಮನೆಯವರು ರಾತ್ರಿ ಹುಡುಕುವುದೂ ನನ್ನನ್ನೇ.

ಮನೆಯವರೊಂದಿಗಿನ ಮಾತಿಗೆ ಈಗ ಹೆಚ್ಚು ಸಮಯ ಕೊಡುತ್ತೇನೆ. ಒಂದೇ ದಾರಿಯಿದ್ದಾಗ ಒಪ್ಪಿಗೆಪತ್ರ ಬೇಗ ಮುಗಿಯುತ್ತಿತ್ತು. ಎರಡು ದಾರಿಗಳಿದ್ದಾಗ ಎರಡರ ಅಪಾಯವನ್ನೂ ಖರ್ಚನ್ನೂ ಬಿಡಿಸಿ ಹೇಳಬೇಕು. ಸೈಕಲ್ ಟ್ಯೂಬಿನ ಸವೆದ ಜಾಗ ಉಬ್ಬಿದಂತೆ ಎಂದು ಕಾಯಿಲೆಯನ್ನು ವಿವರಿಸಿದರೆ ಹಳ್ಳಿಯ ಹಿರಿಯರಿಗೂ ತಕ್ಷಣ ತಿಳಿಯುತ್ತದೆ. ಕಾಯಿಲ್ ಹಾಕಿದ ಅನ್ಯೂರಿಸಮ್‌ನಲ್ಲಿ ಸುರುಳಿಗಳು ಕಾಲಕ್ರಮೇಣ ಅದುಮಿಕೊಂಡು ಮತ್ತೆ ರಕ್ತ ತುಂಬುವ ಸಾಧ್ಯತೆ ಕ್ಲಿಪ್‌ಗಿಂತ ಹೆಚ್ಚು, ಆದ್ದರಿಂದ ತಿಂಗಳುಗಳ ನಂತರವೂ ವರ್ಷಗಳ ನಂತರವೂ ಪರೀಕ್ಷೆಗೆ ಬರಲೇಬೇಕು ಎಂಬುದನ್ನು ಮಾತ್ರ ಎರಡೆರಡು ಸಲ ಹೇಳುತ್ತೇನೆ. ರಾಯಚೂರು, ಬೀದರ್ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬರುವ ಕೂಲಿಯವರಿಗೆ ಆ ಮರುಭೇಟಿ ಎಂದರೆ ದಿನಗೂಲಿಯ ನಷ್ಟ, ಬಸ್ಸಿನ ಖರ್ಚು, ಜೊತೆಗೊಬ್ಬರ ರಜೆ. ಹೀಗಾಗಿ ಎರಡೂ ವಿಧಾನಗಳು ಹತ್ತಿರಹತ್ತಿರ ಸಮನಾಗಿ ಕಂಡಾಗ, ರೋಗಿ ಇನ್ನೂ ಚಿಕ್ಕ ವಯಸ್ಸಿನವರಾಗಿದ್ದು ಮತ್ತೆ ಬರುವುದು ಕಷ್ಟವೆಂದು ಅವರೇ ಹೇಳಿದರೆ, ಆ ಸಂಗತಿಯನ್ನೂ ಆಂಜಿಯೋಗ್ರಾಮಿನ ಪಕ್ಕದಲ್ಲಿಟ್ಟು ಸಹೋದ್ಯೋಗಿಯೊಂದಿಗೆ ಚರ್ಚಿಸುತ್ತೇನೆ. ಕೆಲವೊಮ್ಮೆ ಅದೇ ಕಾರಣಕ್ಕೆ ನಾವಿಬ್ಬರೂ ಕ್ಲಿಪ್ ಕಡೆಗೆ ವಾಲುತ್ತೇವೆ.