ಸಂಡೂರು ಗುಡ್ಡದಲ್ಲಿ ಗಿಡ ಎಣಿಸಿದ್ದು, ಹಕ್ಕಿ ಎಣಿಸಿದ್ದು

ಸಂಡೂರು ಬೆಟ್ಟಗಳಲ್ಲಿ ಗಿಡಮರಗಳನ್ನೂ ಹಕ್ಕಿಗಳನ್ನೂ ಒಂದೇ ಜಾಗದಲ್ಲಿ ಎಣಿಸುವ ಕೆಲಸಕ್ಕೆ ನಾವು ಕೈ ಹಾಕಿದ್ದು ಒಂದು ವಾದದಿಂದ. ನಾನು ಬಳ್ಳಾರಿಯಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಜೊತೆಗಾರರು ಬ್ಯಾಂಕ್ ನೌಕರರು, ಹಕ್ಕಿಗಳ ಹುಚ್ಚು ಹತ್ತಿಸಿಕೊಂಡವರು. ಗಣಿಯ ಡಂಪಿನ (ಅಗೆದು ಸುರಿದ ಕಲ್ಲುಮಣ್ಣಿನ ರಾಶಿಯ) ಮೇಲೆ ನೆಟ್ಟು ಬೆಳೆಸಿದ ಹಸಿರನ್ನು ತೋರಿಸಿ ಅವರು, ‘ನೋಡಿ ಮೇಷ್ಟ್ರೇ, ಇಲ್ಲಿ ಹಕ್ಕಿಗಳಿಗೇನೂ ಬರವಿಲ್ಲ, ಕಾಡು ಮರಳಿದಂತೆಯೇ ಲೆಕ್ಕ’ ಎಂದರು. ‘ಇದು ತೋಪು, ಕಾಡಲ್ಲ’ ಎಂದೆ. ಲೆಕ್ಕ ಮಾತ್ರ ಇಬ್ಬರ ಹತ್ತಿರವೂ ಇರಲಿಲ್ಲ.

ಈ ವಾದ ಬರೀ ಕಾಲಹರಣದ್ದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಗಣಿಗಳನ್ನು ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದವನ್ನು ರದ್ದು ಮಾಡಿ, ಉಳಿದವು ಕೆಲಸ ಮುಂದುವರಿಸಬೇಕಾದರೆ ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಇರಲೇಬೇಕೆಂದಿತು. ಅಂದಿನಿಂದ ಗುಡ್ಡದ ತುಂಬ ಗಿಡ ನೆಡುವ ಕೆಲಸ. ನೆಟ್ಟ ಗಿಡ ಎಷ್ಟು, ಬದುಕಿದ್ದು ಎಷ್ಟು ಎಂಬುದಕ್ಕೆ ರಿಜಿಸ್ಟರ್ ಇರುತ್ತದೆ. ಅಲ್ಲಿ ಯಾರು ಬಂದು ವಾಸ ಮಾಡಿದರು ಎಂಬುದಕ್ಕೆ ಇರುವುದಿಲ್ಲ.

ಉಷ್ಣವಲಯದ ಕಾಡು ಎಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಆಗುಂಬೆಗೆ ಹಾರುತ್ತದೆ. ಸಂಡೂರಿನದೂ ಉಷ್ಣವಲಯದ ಕಾಡೇ, ಬೇಸಿಗೆಯಲ್ಲಿ ಎಲೆ ಉದುರಿಸುವ ಒಣ ಕಾಡು. ದಿಂಡಿಗ, ಮತ್ತಿ, ಹುರುಗಲು, ತುಗ್ಗಲಿ, ಬೆಪ್ಪಾಲೆ, ಬಂಡೆಗಳ ಮೇಲೆ ಅರಿಶಿನ ಬೂರುಗ. ಏಪ್ರಿಲ್‌ನಲ್ಲಿ ನೋಡಿದವರು ಸತ್ತಿದೆ ಎನ್ನುತ್ತಾರೆ, ಸೆಪ್ಟೆಂಬರ್‌ನಲ್ಲಿ ನೋಡಿದವರು ಮಲೆನಾಡು ಎನ್ನುತ್ತಾರೆ. ಆದ್ದರಿಂದ ಒಂದೇ ತಾಕಿಗೆ ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಹೋಗಬೇಕೆಂಬುದು ಮೊದಲ ಷರತ್ತಾಯಿತು. ಅರಣ್ಯ ಇಲಾಖೆಯ ಲಿಖಿತ ಅನುಮತಿ ಎರಡನೆಯದು. ಪಕ್ಕದ ದರೋಜಿ ಕರಡಿಧಾಮದಂಥ ಕಡೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯೇ ಬೇಕು. ಅರ್ಜಿ ಹಾಕಿ ತಾಳ್ಮೆಯಿಂದ ಕಾಯುವುದೂ ಸಂಶೋಧನೆಯ ಭಾಗ ಎಂದುಕೊಂಡರೆ ಸಿಟ್ಟು ಬರುವುದಿಲ್ಲ.

ಗಣಿ ಮುಟ್ಟದ ಇಳಿಜಾರಿನಲ್ಲಿ ಕೆಲವು ತಾಕು, ಗಿಡ ನೆಟ್ಟ ಡಂಪಿನ ಮೇಲೆ ಅಷ್ಟೇ ತಾಕು ಗುರುತಿಸಿದೆವು. ಒಂದೊಂದೂ 20 ಮೀಟರ್ ಚೌಕ, ಮರಗಳಿಗೆ. ಅದರೊಳಗೆ ಪೊದೆಗಳಿಗೆ 5 ಮೀಟರ್ ಚೌಕ, ಹುಲ್ಲು ಮತ್ತು ಎಳೆ ಸಸಿಗಳಿಗೆ 1 ಮೀಟರ್ ಚೌಕ. ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಮೇಲೆ ಅಳೆಯುತ್ತಾರೆ. 30 ಸೆಂ.ಮೀ. ಮೀರಿದ್ದನ್ನು ಮಾತ್ರ ಮರವೆನ್ನುವ ರೂಢಿ ಹಲವು ಕಡೆ ಇದೆ. ನಮ್ಮ ಕಾಡಿಗೆ ಅದು ಸಲ್ಲದು. ಇಲ್ಲಿನ ದಿಂಡಿಗವನ್ನು ತಲೆಮಾರುಗಳಿಂದ ಸೌದೆಗೆ ಕಡಿಯುತ್ತ ಬಂದಿದ್ದಾರೆ. ಕಡಿದ ಬುಡದಿಂದ ನಾಲ್ಕೈದು ಕವಲು ಚಿಗುರಿ, ಎಲ್ಲವೂ ಮಣಿಕಟ್ಟಿನ ಗಾತ್ರದಲ್ಲೇ ಉಳಿದಿರುತ್ತವೆ. ಬುಡ ಮಾತ್ರ ಅಜ್ಜನ ವಯಸ್ಸಿನದು. 30ರ ನಿಯಮ ಹಿಡಿದರೆ ಇಳಿಜಾರಿನ ಅರ್ಧ ಕಾಡು ಪಟ್ಟಿಯಿಂದಲೇ ಮಾಯವಾಗುತ್ತದೆ, ಬೇಗ ದಪ್ಪವಾಗುವ ಡಂಪಿನ ಗಿಡಗಳು ಗೆದ್ದುಬಿಡುತ್ತವೆ. ಹಾಗಾಗಿ 10 ಸೆಂ.ಮೀ. ಮೀರಿದ ಪ್ರತಿ ಕವಲನ್ನೂ ಅಳೆದು, ಒಂದೇ ಬುಡದವನ್ನು ಒಂದೇ ಸಂಖ್ಯೆಯಡಿ ಬರೆದೆವು. ಕೊಡಲಿಯ ಗಾಯವಿದ್ದರೆ ಪಕ್ಕದಲ್ಲಿ ಅಡ್ಡ ಗೀಟು. ಆ ಗೀಟುಗಳಿಂದ ಹಳ್ಳಿ ಎಷ್ಟು ದೂರವಿದೆ ಎಂದು ಹೇಳಬಹುದಿತ್ತು.

ಕುರಿ ಕಾಯುವ ಹಿರಿಯರೊಬ್ಬರು ನಾವು ಟೇಪು ಸುತ್ತುವುದನ್ನು ನೋಡಿ, ‘ಏನು ತಮ್ಮಾ, ಮರಕ್ಕೆ ಅಂಗಿ ಹೊಲಿಸುತ್ತೀರಾ?’ ಎಂದು ನಕ್ಕರು. ಆಮೇಲೆ ಯಾವ ಪೊದೆಯ ಹಣ್ಣು ಯಾವ ತಿಂಗಳಿನದು ಎಂಬ ನನ್ನ ಕೋಷ್ಟಕದ ಬಹುಪಾಲು ತುಂಬಿಸಿದವರು ಅವರೇ. ಗುರುತು ಸಿಗದ ಗಿಡಗಳನ್ನು ಹೂವು ಅಥವಾ ಕಾಯಿ ಸಮೇತ ರಟ್ಟಿನ ನಡುವೆ ಹಳೆಯ ಪತ್ರಿಕೆಯಲ್ಲಿ ಒತ್ತಿ ಒಣಗಿಸಿ ತಂದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿದ್ದರಿಂದ, ಮದ್ರಾಸ್ ಪ್ರೆಸಿಡೆನ್ಸಿಯ ಸಸ್ಯಗಳನ್ನು ಕುರಿತ ಗ್ಯಾಂಬಲ್ ಅವರ ಹಳೆಯ ಸಂಪುಟಗಳೇ ಇಂದಿಗೂ ನನಗೆ ಮೊದಲ ಆಸರೆ. ಹೊಳೆಯಾಚೆಯ ರಾಯಚೂರು, ಕೊಪ್ಪಳದವರಿಗೆ ಆ ಅನುಕೂಲವಿಲ್ಲ, ಅವರು ನಿಜಾಮರ ಕಡೆಯವರು.

ಹಕ್ಕಿಗಳಿಗೆ ತಾಕಿನ ನಡುವೆ ನಿಂತು, 50 ಮೀಟರ್ ಸುತ್ತಿನಲ್ಲಿ ಕಂಡದ್ದು, ಕೇಳಿದ್ದು ಎಲ್ಲವನ್ನೂ ಹತ್ತು ನಿಮಿಷ ಬರೆಯುವುದು. ಬೆಳಗಾದ ಕೂಡಲೇ ಶುರು, ಒಂಬತ್ತರೊಳಗೆ ಮುಗಿಸಬೇಕು. ಈ ಗುಡ್ಡದಲ್ಲಿ ಅದಕ್ಕೆ ಎರಡು ತೊಡಕು. ಒಂದು ಕರಡಿ: ಅದರಿಂದ ದೂರವಿರಲು ಮಾತನಾಡುತ್ತ ನಡೆಯಬೇಕು, ಹಕ್ಕಿ ಎಣಿಸಲು ಬಾಯಿ ಮುಚ್ಚಿ ನಿಲ್ಲಬೇಕು. ದಾರಿಯಲ್ಲೆಲ್ಲ ಗಲಾಟೆ, ತಾಕಿನಲ್ಲಿ ಮೌನ ಎಂದು ರಾಜಿ ಮಾಡಿಕೊಂಡೆವು. ಇನ್ನೊಂದು ಅದಿರು ಲಾರಿಗಳ ಸದ್ದು. ಒಣ ಕಾಡಿನಲ್ಲೂ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು ಮೊದಲು ಕಿವಿಗೆ ಸಿಗುತ್ತವೆ. ಲಾರಿ ಗುಡುಗುತ್ತಿದ್ದರೆ ಹಕ್ಕಿ ಇಲ್ಲವೆಂದಲ್ಲ, ನಮಗೆ ಕೇಳಲಿಲ್ಲ ಎಂದಷ್ಟೇ. ರಸ್ತೆ ಬದಿಯ ತಾಕುಗಳನ್ನು ಲಾರಿ ಓಡಾಟ ಶುರುವಾಗುವ ಮುನ್ನವೇ ಮುಗಿಸುವ ಹಾಗೆ ದಿನದ ಸರದಿ ಹಾಕಿಕೊಂಡೆವು. ಗಣಿ ಪ್ರದೇಶದಲ್ಲಿ ಹಕ್ಕಿ ಕಡಿಮೆ ಎಂಬ ವರದಿ ನೋಡಿದಾಗಲೆಲ್ಲ, ಎಷ್ಟು ಹೊತ್ತಿಗೆ ಎಣಿಸಿದರು ಎಂದು ನಾನು ಮೊದಲು ಹುಡುಕುತ್ತೇನೆ.

ಲೆಕ್ಕ ಹಾಕಿದಾಗ ಜೊತೆಗಾರರ ಮುಖ ಅರಳಿತು. ಹಕ್ಕಿ ಜಾತಿಗಳ ಸಂಖ್ಯೆಯಲ್ಲಿ ಡಂಪು ಇಳಿಜಾರಿಗಿಂತ ಹೆಚ್ಚೇನೂ ಹಿಂದಿರಲಿಲ್ಲ. ವೈವಿಧ್ಯ ಅಳೆಯಲು ಎಲ್ಲರೂ ಬಳಸುವ ಶಾನನ್ ಸೂಚ್ಯಂಕವೂ ಹತ್ತಿರ ಹತ್ತಿರವೇ ಬಂತು. ಆದರೆ ಆ ಸೂಚ್ಯಂಕಕ್ಕೆ ಹೆಸರು ಬೇಕಿಲ್ಲ. ಎಷ್ಟು ಜಾತಿ, ಯಾವುದು ಎಷ್ಟು ಎಂಬುದಷ್ಟೇ ಅದಕ್ಕೆ ಸಾಕು. ನವಿಲು ಹೋಗಿ ಪಾರಿವಾಳ ಬಂದರೂ ಅದು ಅಲುಗಾಡುವುದಿಲ್ಲ. ಹಾಗಾಗಿ ಎರಡೂ ಕಡೆ ಇರುವ ಜಾತಿಗಳನ್ನು ಒಟ್ಟು ಜಾತಿಗಳಿಂದ ಭಾಗಿಸಿ ಹೋಲಿಕೆ ನೋಡಿದೆವು. ಅಲ್ಲಿ ಬಣ್ಣ ಬಯಲಾಯಿತು. ಹೊಂಗೆ, ಸಿಸ್ಸೂ, ಗ್ಲಿರಿಸಿಡಿಯಾ ಮತ್ತು ತಾನಾಗಿ ಎದ್ದ ಬಳ್ಳಾರಿ ಜಾಲಿ (ಹೆಸರು ನಮ್ಮೂರಿನದಾದರೂ ಬಂದದ್ದು ಅಮೆರಿಕ ಖಂಡದಿಂದ) ಇರುವ ಡಂಪಿನಲ್ಲಿ ಬೆಳವ, ಕಳ್ಳಿಪೀರ, ಕಾಜಾಣ, ಟುವ್ವಿ, ಊರಲ್ಲೂ ಕಾಣುವ ಪಿಕಳಾರ. ಇಳಿಜಾರಿನಲ್ಲಿ ಚಿಟ್ಟುಕೋಳಿ, ಮರಕುಟಿಗ, ಬಿಳಿಹುಬ್ಬಿನ ಪಿಕಳಾರ ಮತ್ತು ಬಂಡೆಗಳಿರುವ ಕಡೆ ಹಳದಿ ಕೊರಳಿನ ಪಿಕಳಾರ. ಈ ಕೊನೆಯದು ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅಪಾಯದ ಅಂಚಿನಲ್ಲಿರುವ ಪಟ್ಟಿಯಲ್ಲಿದೆ. ಬಂಡೆ ಸೀಳಿನ ಅತ್ತಿ ಜಾತಿಯ ಗಿಡಗಳು ಹಣ್ಣಾದಾಗ ಅಲ್ಲಿಗೆ ಬರುತ್ತದೆ. ಡಂಪಿನಲ್ಲಿ ಬಂಡೆಯೂ ಇಲ್ಲ, ಅತ್ತಿಯೂ ಇಲ್ಲ.

ಬದನಿಕೆ ಹಕ್ಕಿಯನ್ನು ನಾನು ಬಹಳ ಹೊತ್ತು ನೋಡಿದೆ. ಹೆಬ್ಬೆರಳಿಗಿಂತ ತುಸು ದೊಡ್ಡದು. ಮತ್ತಿಯ ಮೇಲೆ ಬೆಳೆದ ಬದನಿಕೆ ಎಂಬ ಪರಾವಲಂಬಿ ಗಿಡದ ಹಣ್ಣು ನುಂಗುತ್ತದೆ. ಸ್ವಲ್ಪ ಹೊತ್ತಿಗೆ ಬೀಜ ಹಿಂದಿನಿಂದ ಬರುತ್ತದೆ, ಗೋಂದಿನಂಥ ಅಂಟಿನಿಂದಾಗಿ ಕೆಳಗೆ ಬೀಳುವುದಿಲ್ಲ. ಹಕ್ಕಿ ಕೊಂಬೆಯ ಮೇಲೆ ಅಡ್ಡಡ್ಡ ಸರಿದು ಹಿಂಭಾಗ ಉಜ್ಜುತ್ತದೆ, ಬೀಜ ತೊಗಟೆಗೆ ಅಂಟುತ್ತದೆ, ಅಲ್ಲೇ ಮೊಳೆಯುತ್ತದೆ. ಮಾವಿನ ತೋಟದವರಿಗೆ ಬದನಿಕೆ ಪೀಡೆ. ಒಣ ಕಾಡಿನಲ್ಲಿ ಅದರ ಹೂವು ಸೂರಕ್ಕಿಗೂ ಊಟ. ನಮ್ಮ ಡಂಪಿನ ತಾಕುಗಳ ಎಳೆ ಗಿಡಗಳಿಗೆ ಅದಿನ್ನೂ ಹಿಡಿದಿಲ್ಲ. ಮರಕುಟಿಗಕ್ಕೆ ಬೇಕಾದ ಒಣಗಿದ ಮರವೂ ಅಲ್ಲಿಲ್ಲ, ಏಕೆಂದರೆ ಸಾಯುವಷ್ಟು ವಯಸ್ಸು ಅಲ್ಲಿನ ಯಾವ ಮರಕ್ಕೂ ಆಗಿಲ್ಲ.

‘ಹಾಗಾದರೆ ಏನು ನೆಡಬೇಕಿತ್ತು, ಹೇಳಿ’ ಎಂದರು ಜೊತೆಗಾರರು. ಗಿಡಗಳ ಪಟ್ಟಿಯನ್ನೂ ಹಕ್ಕಿಗಳ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟಾಗ ಉತ್ತರ ಮರಗಳಿಗಿಂತ ಪೊದೆಗಳಲ್ಲಿತ್ತು: ಕವಳಿ, ಕಾರೆ, ಬಾರೆ, ಜಾನೆ. ಹಣ್ಣು ತಿನ್ನುವ ಹಕ್ಕಿ ಬಂದರೆ ಉಳಿದ ಬೀಜಗಳನ್ನು ಅದೇ ತಂದು ಹಾಕುತ್ತದೆ. ಈ ಪಟ್ಟಿ ಹಿಡಿದು ಒಂದು ನರ್ಸರಿಗೆ ಹೋದರೆ, ‘ಸರ್, ಮುಳ್ಳುಕಂಟಿಯನ್ನು ದುಡ್ಡು ಕೊಟ್ಟು ಯಾರು ನೆಡಿಸುತ್ತಾರೆ?’ ಎಂಬ ಉತ್ತರ ಸಿಕ್ಕಿತು. ಸಸಿ ಈಗ ನಾವೇ ಮಾಡುತ್ತಿದ್ದೇವೆ. ಕವಳಿಯ ಬೀಜವನ್ನು ಹಣ್ಣಿನಿಂದ ಬಿಡಿಸಿದ ಕೂಡಲೇ ಬಿತ್ತಬೇಕು, ಇಟ್ಟರೆ ಜೀವ ಕಳೆದುಕೊಳ್ಳುತ್ತದೆ. ಬಾರೆಯ ಓಟೆಯನ್ನು ಮೆಲ್ಲಗೆ ಒಡೆದರೆ ಬೇಗ ಮೊಳೆಯುತ್ತದೆ. ದಿಂಡಿಗದ ಬೀಜ ಹಿಡಿತುಂಬ ಹಾಕಿದರೂ ಮೊಳೆಯುವುದು ಬೆರಳೆಣಿಕೆಯಷ್ಟು, ಅದಕ್ಕೆ ಬೇರೆ ದಾರಿ ಹುಡುಕಬೇಕು. ಮುಂದಿನ ಮಳೆಗಾಲದಲ್ಲಿ ಡಂಪಿನ ಒಂದು ಅಂಚಿಗೆ ಈ ಪೊದೆಗಳನ್ನು ನೆಟ್ಟು, ಅದೇ ಹತ್ತು ನಿಮಿಷದ ಎಣಿಕೆಯನ್ನು ಅಲ್ಲಿಯೂ ಶುರು ಮಾಡುತ್ತೇವೆ.