ಕೊಳೆರೋಗದ ಪುಟಕ್ಕೆ ಕೀವರ್ಡ್ ಆರಿಸಿದ ಬಗೆ

‘ಅಡಿಕೆಯಲ್ಲಿ ಸಸ್ಯ ಸಂರಕ್ಷಣಾ ಕ್ರಮಗಳು’ ಎಂಬ ಶೀರ್ಷಿಕೆ ಇಲಾಖೆಯ ಕರಪತ್ರಕ್ಕೆ ಸರಿ. ತೋಟದವರು ಮೊಬೈಲಿನಲ್ಲಿ ಹುಡುಕುವುದು ‘ಅಡಿಕೆ ಕೊಳೆ ಔಷಧಿ’, ‘ಮೈಲುತುತ್ತು ಸುಣ್ಣ ಎಷ್ಟು ಹಾಕಬೇಕು’ ಎಂದು. ಹಾಗಾಗಿ ನಮ್ಮ ಜಾಲತಾಣದಲ್ಲಿರುವ ಅಡಿಕೆ ಕೊಳೆರೋಗದ ಪುಟ ತಿದ್ದುವ ಮೊದಲು ಅವರ ಮಾತುಗಳನ್ನೇ, ಅಂದರೆ ಕೀವರ್ಡ್‌ಗಳನ್ನು, ಕಲೆಹಾಕಿದೆ.

ನಮ್ಮ ತಾಣ ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆ ಎಂದು ತೋರಿಸುವ ಉಪಕರಣ ಗೂಗಲ್ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಅಲ್ಲಿ ಆ ಒಂದು ಪುಟವನ್ನು ಮಾತ್ರ ಆರಿಸಿ, ಇಂಪ್ರೆಶನ್ (ಫಲಿತಾಂಶದಲ್ಲಿ ಪುಟ ಕಾಣಿಸಿಕೊಂಡ ಸಲ) ಚೆನ್ನಾಗಿದ್ದೂ ಫಲಿತಾಂಶದ ಪಟ್ಟಿಯಲ್ಲಿ ಸರಾಸರಿ ಸ್ಥಾನ 8ರಿಂದ 20ರೊಳಗೆ ನಿಂತ ಹುಡುಕಾಟಗಳನ್ನು ಬೇರೆ ತೆಗೆದೆ. ಮೊದಲು ಕೈಹಾಕಬೇಕಾದ್ದು ಇವಕ್ಕೇ. ಪುಟ ಈ ವಿಷಯದ್ದೆಂದು ಗೂಗಲ್‌ಗೆ ಆಗಲೇ ಗೊತ್ತಿದೆ, ಆದರೆ ಪುಟದಲ್ಲಿರುವ ಉತ್ತರ ಸಾಲುತ್ತಿಲ್ಲ.

ಮುಖ್ಯ ಮಾತು ‘ಅಡಿಕೆ ಕೊಳೆರೋಗ’ ಹುಡುಕಾಟದ ಫಲಿತಾಂಶದಲ್ಲಿ ಕಾಣುವ ತಲೆಬರಹವಾದ ಟೈಟಲ್ ಟ್ಯಾಗ್‌ನ ಆರಂಭದಲ್ಲಿ, ಎಚ್1ರಲ್ಲಿ (ಪುಟದೊಳಗಿನ ಮುಖ್ಯ ಶೀರ್ಷಿಕೆ), ಮೊದಲ ಪ್ಯಾರಾದಲ್ಲಿ ಬಂದರೆ ಸಾಕು. ಕೊಳೆಗೆ ಸಿಂಪಡಿಸುವ ಔಷಧಿಯ ಬಗ್ಗೆ ‘ಬೋರ್ಡೋ ದ್ರಾವಣ ಮಾಡುವ ವಿಧಾನ’ ಉಪಶೀರ್ಷಿಕೆಯಾಯಿತು. ಅದರ ಕೆಳಗಿನ ಮೊದಲ ಸಾಲಿನಲ್ಲೇ ಉತ್ತರ: ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಳತೆ ಹುಡುಕಿ ಬಂದವರಿಗೆ ರೋಗದ ಚರಿತ್ರೆ ಓದಿಸಬಾರದು.

ಕನ್ನಡದಲ್ಲಿ ವಿಭಕ್ತಿ ಸೇರದೆ ವಾಕ್ಯ ನಡೆಯದು. ‘ಅಡಿಕೆಗೆ’, ‘ಅಡಿಕೆಯ’ ಎಂದೇ ಸಹಜವಾಗಿ ಬರೆಯಿರಿ. ‘ಕೊಳೆರೋಗ’, ‘ಕೊಳೆ ರೋಗ’, ‘ಮಹಾಳಿ’ ಮೂರನ್ನೂ ಜನ ಬಳಸುತ್ತಾರೆ. ಒಂದೊಂದು ಸಲ ಬಂದರಾಯಿತು. ಮೂರಕ್ಕೂ ಬೇರೆ ಬೇರೆ ಪುಟ ಮಾಡಿದರೆ ನಮ್ಮ ಪುಟಗಳೇ ಪರಸ್ಪರ ಪೈಪೋಟಿಗೆ ಬೀಳುತ್ತವೆ. ಹಾಗೆ ಇದ್ದರೆ ಒಂದರಲ್ಲಿ ಕೂಡಿಸಿ, ಉಳಿದವನ್ನು 301 ರೀಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ಶಾಶ್ವತವಾಗಿ ಹೊಸ ಪುಟಕ್ಕೆ ಕಳಿಸುವುದು) ಮಾಡಬೇಕು. ಒಂದೇ ಪದವನ್ನು ಸಾಲುಸಾಲಿಗೂ ತುರುಕುವುದು ಗೂಗಲ್ ನಿಯಮದಲ್ಲಿ ಸ್ಪ್ಯಾಮ್. ಪುಟದ ಕೋಡ್‌ನಲ್ಲಿ ಕೀವರ್ಡ್ ಪಟ್ಟಿ ಬರೆಯುವ ಕೀವರ್ಡ್ಸ್ ಮೆಟಾ ಟ್ಯಾಗ್ ತುಂಬುವುದೂ ವ್ಯರ್ಥ. ಅದನ್ನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.

ಕನ್ನಡದ ಪುಟಗಳಲ್ಲಿ ಕಾಣುವ ಇನ್ನೊಂದು ತೊಡಕು ಹಳೆಯ ಫಾಂಟ್. ಯೂನಿಕೋಡ್ (ಎಲ್ಲ ಸಾಧನಗಳೂ ಓದುವ ಅಕ್ಷರ ಸಂಕೇತ) ಅಲ್ಲದ ‘ನುಡಿ’ ಅಥವಾ ‘ಬರಹ’ ಫಾಂಟಿನ ಪಠ್ಯ ಕಣ್ಣಿಗೆ ಕನ್ನಡ, ಸರ್ಚ್ ಎಂಜಿನ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಅಳತೆಯ ಪಟ್ಟಿಯನ್ನು ಚಿತ್ರವಾಗಿ ಹಾಕಿದ್ದರೆ ಅದನ್ನೂ ಟೈಪ್ ಮಾಡಿ. ಯುಆರ್‌ಎಲ್ (ಪುಟದ ವಿಳಾಸ) ಕನ್ನಡದಲ್ಲಿದ್ದರೆ ರ‍್ಯಾಂಕಿಂಗ್‌ಗೆ ತೊಂದರೆಯಿಲ್ಲ. ಆದರೆ ಕಾಪಿ ಮಾಡಿ ಕಳಿಸುವಾಗ ‘ಅಡಿಕೆ’ ಎಂಬ ಒಂದೇ ಪದ ಇಂಗ್ಲಿಷ್ ಅಕ್ಷರ, ಅಂಕಿ, % ಚಿಹ್ನೆ ಬೆರೆತ 45 ಅಕ್ಷರದ ಸರವಾಗಬಹುದು. ನಾನು ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟೆ.

ತಿದ್ದಿದ ಮೇಲೆ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್ಸ್‌ಪೆಕ್ಷನ್‌ನಲ್ಲಿ ಮರು ಇಂಡೆಕ್ಸಿಂಗ್ (ಗೂಗಲ್ ಪುಟವನ್ನು ಮತ್ತೆ ಓದಿ ದಾಖಲಿಸುವುದು) ಕೋರಬೇಕು. ಕೊಳೆ ಮಳೆಗಾಲದ ರೋಗ, ಹುಡುಕಾಟವೂ ಮಳೆಗಾಲದ್ದೇ. ಮೇ ತಿಂಗಳಿಗೆ ಜೂನ್ ಹೋಲಿಸಿದರೆ ಕ್ಲಿಕ್ ಏರಿದ್ದು ಕೀವರ್ಡ್‌ನಿಂದಲೋ ಮಳೆಯಿಂದಲೋ ತಿಳಿಯದು. ಹೋದ ವರ್ಷದ ಜೂನ್‌ಗೆ ಈ ವರ್ಷದ ಜೂನ್ ಹೋಲಿಸಿ, ಸರಾಸರಿ ಸ್ಥಾನವನ್ನೂ ಜೊತೆಗಿಟ್ಟು ನೋಡಿ.