ನಳಿಗೆಯ ಅಡಿ ಓದಿದಾಗ

ಜರ್ಮನಿಯಲ್ಲಿ ಬೇಟೆ ಪರವಾನಗಿಯ ಪರೀಕ್ಷೆ ಪಾಸಾದ ಮೇಲೆ, ಜೊತೆಗೆ ಕಾಡಿಗೆ ಬರುವ ಹಿರಿಯರೊಬ್ಬರು ತಮ್ಮ ಅಜ್ಜನ ಒಂಟಿನಳಿಗೆ ಕೋವಿಯನ್ನು ನನ್ನ ಮುಂದಿಟ್ಟು, ‘ಇದು ಯಾವ ಕೋವಿ, ಯಾವ ತೋಟಾ ಹಿಡಿಯುತ್ತದೆ ನೋಡು’ ಎಂದರು. ನಮ್ಮ ಮಲೆನಾಡಿನ ತೋಟಾ ಕೋವಿಯ ಹಾಗೆ ನಡು ಮುರಿದು ತೆರೆಯುತ್ತದೆ, ಆದರೆ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಇಲ್ಲಿ ಇದಕ್ಕೆ ‘ಕಿಪ್‌ಲೌಫ್‌ಬ್ಯುಕ್ಸೆ’ ಎನ್ನುತ್ತಾರೆ.

ನಳಿಗೆಯ ಮೇಲೆ ‘ಫ್ಲುಸ್‌ಸ್ಟಾಲ್ ಕ್ರುಪ್ ಎಸ್ಸೆನ್’ ಎಂದು ಚೆಂದವಾಗಿ ಕೆತ್ತಿತ್ತು. ಕ್ರುಪ್ ಮಾಡಿದ ಕೋವಿ ಎಂದೇ ಎರಡು ವಾರ ಹುಡುಕಿದೆ. ಅದು ತಪ್ಪು. ‘ಫ್ಲುಸ್‌ಸ್ಟಾಲ್’ ಎಂದರೆ ಒಂದು ಬಗೆಯ ಉಕ್ಕು; ಎಸ್ಸೆನ್ ಊರಿನ ಉಕ್ಕಿನ ಕಾರ್ಖಾನೆಯಾದ ಕ್ರುಪ್ ಕೊಟ್ಟದ್ದು ನಳಿಗೆಯ ಉಕ್ಕು ಮಾತ್ರ. ಪಕ್ಕದಲ್ಲಿ ಒಂದು ಅಂಗಡಿಯ ಹೆಸರೂ ಇತ್ತು, ಅದನ್ನೂ ನಾನು ನಂಬಲಿಲ್ಲ. ಸೂಲ್, ಮೆಹ್ಲಿಸ್ ಊರುಗಳ ಕಮ್ಮಾರರು ಮಾಡಿದ ಕೋವಿಗಳ ಮೇಲೆ ಮಾರುವವರು ತಮ್ಮ ಹೆಸರು ಕೆತ್ತಿಸಿಕೊಳ್ಳುವುದು ಆಗ ಸಾಮಾನ್ಯವಾಗಿತ್ತು.

ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಮುಂಗೈ ಮರ ಬಿಚ್ಚಿ ನಳಿಗೆಯನ್ನು ಕಳಚಿದೆ. ಪರೀಕ್ಷಾ ಮುದ್ರೆಗಳಿರುವ ಅಡಿಭಾಗದಲ್ಲಿ ನೂರು ವರ್ಷದ ಎಣ್ಣೆ ಗಟ್ಟಿಯಾಗಿ ಕೂತಿತ್ತು. ಮರಳುಕಾಗದ ಮುಟ್ಟಿಸಲಿಲ್ಲ, ಮುದ್ರೆ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಸೀಮೆಎಣ್ಣೆಯ ಹತ್ತಿಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ಒಂದೊಂದೇ ಗುರುತು ಎದ್ದು ಬಂತು: ಕಿರೀಟದಡಿ ಬಿ, ಕಿರೀಟದಡಿ ಯು, ಕಿರೀಟದಡಿ ಜಿ, ಪಕ್ಕದಲ್ಲಿ ಹದ್ದು, ಕೆಳಗೆ 108,49 (ಇಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ).

ಇವು ಕೋವಿಯ ನಳಿಗೆಯನ್ನು ಗುಂಡು ಹಾರಿಸಿ ಪರೀಕ್ಷಿಸಿದ ಸರ್ಕಾರಿ ಮುದ್ರೆಗಳು; ಇದಕ್ಕೆಂದೇ ಇದ್ದ ಜರ್ಮನಿಯ 1891ರ ಪರೀಕ್ಷಾ ಕಾನೂನು 1893ರಿಂದ ಜಾರಿಗೆ ಬಂತು. ಬಿ ಎಂದರೆ ಗುಂಡು ಹಾರಿಸಿ ಪರೀಕ್ಷಿಸಿದ್ದು, ಯು ಎಂದರೆ ಆಮೇಲೆ ತಪಾಸಣೆ ಮಾಡಿದ್ದು, ಜಿ ಎಂದರೆ ಗೀರು ನಳಿಗೆ. ನನಗೆ ಹೆಚ್ಚು ಹೇಳಿದ್ದು ಆ ಸಂಖ್ಯೆ. ಒಂದು ಪೌಂಡ್ ಸೀಸದಿಂದ ನಳಿಗೆಯ ಅಗಲದ 108.49 ಗುಂಡು ಎರೆಯಬಹುದು ಎಂಬ ಲೆಕ್ಕ ಅದು. ಒಂದು ಗುಂಡಿನ ಅಡ್ಡಳತೆ 8.89 ಮಿಲಿಮೀಟರ್, ಅಂದರೆ ಗೀರುಗಳ ನಡುವಿನ ದಿಣ್ಣೆಯಿಂದ ದಿಣ್ಣೆಗೆ ಸುಮಾರು ಅಷ್ಟು. 1911ರ ಆಸುಪಾಸಿನಿಂದ ಅಳತೆಯನ್ನು ಮಿಲಿಮೀಟರಿನಲ್ಲೇ ಒತ್ತುತ್ತಿದ್ದರು, ಹೊಗೆಯಿಲ್ಲದ ಮದ್ದಿಗೆ ಕಿರೀಟದಡಿ ಎನ್ ಗುರುತೂ ಆಗ ಬಂತು. ಇದರಲ್ಲಿ ಎರಡೂ ಇಲ್ಲ. ಹಾಗಾಗಿ 1893ಕ್ಕೂ 1911ರ ಆಸುಪಾಸಿಗೂ ನಡುವಿನ ಕೋವಿ ಎಂದು ಬರೆದುಕೊಂಡೆ.

ದಿಣ್ಣೆಯಿಂದ ದಿಣ್ಣೆಗೆ ಇಷ್ಟಿರುವ ನಳಿಗೆ, ಗೀರುಗಳ ಆಳವನ್ನೂ ಸೇರಿಸಿದರೆ, 9.3 ಮಿಲಿಮೀಟರ್ ಗುಂಡಿನದು. ಆದರೆ 9.3 ಎಂದ ಮಾತ್ರಕ್ಕೆ ತೋಟಾ ಗೊತ್ತಾಗಲಿಲ್ಲ. 57, 72, 74, 82 ಮಿಲಿಮೀಟರ್ ಉದ್ದದ 9.3ರ ತೋಟಾಗಳೇ ಹಲವು, ಅವುಗಳ ಒತ್ತಡವೂ ಒಂದೇ ಅಲ್ಲ. ಅಂಗಡಿಯಲ್ಲಿ ಒಂದೊಂದು ಹಾಕಿ ನೋಡುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ನಾನು ತೋಟಾ ಕೂರುವ ಜಾಗದ ಎರಕ ತೆಗೆದೆ. ಬಿಸ್ಮತ್ ಬೆರೆತ ಸೆರೋಸೇಫ್ ಎಂಬ ಲೋಹ 90 ಡಿಗ್ರಿಯೊಳಗೇ ಕರಗುತ್ತದೆ. ನಳಿಗೆಯಲ್ಲಿ ಸ್ವಲ್ಪ ಮುಂದೆ ಬಟ್ಟೆ ತುರುಕಿ ಹೊಯ್ದು, ಗಟ್ಟಿಯಾದೊಡನೆ ಹಿಂದಕ್ಕೆ ತಳ್ಳಿದೆ. ಈ ಲೋಹ ಆರುವಾಗ ಕುಗ್ಗಿ ಮತ್ತೆ ಹಿಗ್ಗುತ್ತದೆ, ಸುಮಾರು ಒಂದು ಗಂಟೆಗೆ ನಿಜವಾದ ಅಳತೆಗೆ ಬರುತ್ತದೆ. ಕಾದು, ಆಮೇಲೆ ಕ್ಯಾಲಿಪರ್ ಹಿಡಿದೆ. ಅಂಚುಳ್ಳ, ಹೆಗಲಿಲ್ಲದೆ ಸಣ್ಣಗಾಗುತ್ತ ಹೋಗುವ ಉದ್ದನೆಯ ಆಕಾರ, 72 ಮಿಲಿಮೀಟರ್. 9.3×72ಆರ್! (ಆರ್ ಎಂದರೆ ಅಂಚುಳ್ಳದ್ದು.)

ಈ ತೋಟಾ ಈಗಲೂ ತಯಾರಾಗುತ್ತದೆ ಎಂದು ತಿಳಿದಾಗ ಹಿರಿಯರ ಮುಖ ಅರಳಿತು. ಆದರೆ ಎನ್ ಮುದ್ರೆಯಿಲ್ಲದ ನಳಿಗೆಗೆ ಇಂದಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಲು ನಾನು ಒಪ್ಪಲಿಲ್ಲ. ಮೊದಲು ಬಂದೂಕು ಕಮ್ಮಾರ ಕೀಲು ನೋಡಲಿ, ಆಮೇಲೆ ಪರೀಕ್ಷಾ ಕಚೇರಿಗೆ ಹೋಗಲಿ ಎಂದೆ. ಎರಕದ ತುಂಡಿಗೆ ಅಳತೆಯ ಚೀಟಿ ಕಟ್ಟಿ ಕೋವಿಯ ಪೆಟ್ಟಿಗೆಯಲ್ಲೇ ಇಟ್ಟು ಕೊಟ್ಟಿದ್ದೇನೆ.